ಸ್ಪಷ್ಟನೆ: ಬ್ರಿಕ್ಸ್ ನೋಟು ಚಲಾವಣೆಗೆ ಬಂದಿಲ್ಲ

‘ಬ್ರಿಕ್ಸ್ ದೇಶಗಳು ಸ್ವಂತ ಕರೆನ್ಸಿ ತಂದವು, ಡಾಲರ್ ಕಥೆ ಮುಗಿಯಿತು’ ಎಂಬ ಸಂದೇಶ ನೋಟೊಂದರ ಚಿತ್ರದ ಜೊತೆ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ಸುಳ್ಳು. ಬ್ರಿಕ್ಸ್ ಎಂದರೆ ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾ ಮುಂತಾದ ದೇಶಗಳ ಕೂಟ. 2024ರ ಅಕ್ಟೋಬರ್‌ನಲ್ಲಿ ರಷ್ಯಾದ ಕಜಾನ್ ಶೃಂಗಸಭೆಯಲ್ಲಿ ಪುಟಿನ್ ಕೈಯಲ್ಲಿ ಕಂಡದ್ದು ಬರೀ ಸಾಂಕೇತಿಕ ನೋಟು. ಯಾವ ಕೇಂದ್ರ ಬ್ಯಾಂಕೂ ಅದನ್ನು ಹೊರಡಿಸಿಲ್ಲ, ಅದಕ್ಕೆ ವಿನಿಮಯ ದರವೇ ಇಲ್ಲ.

ಕಜಾನ್ ಘೋಷಣೆ ಒತ್ತುಕೊಟ್ಟದ್ದು ತಂತಮ್ಮ ಕರೆನ್ಸಿಯಲ್ಲೇ ವ್ಯಾಪಾರ ಮಾಡುವುದಕ್ಕೆ. ಅದೂ ಹೇಳಿದಷ್ಟು ಸಲೀಸಲ್ಲ. 2022ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ರೂಪಾಯಿ ವೋಸ್ಟ್ರೋ ಖಾತೆಗೆ, ಅಂದರೆ ವಿದೇಶಿ ಬ್ಯಾಂಕು ಭಾರತದ ಬ್ಯಾಂಕಿನಲ್ಲಿ ಇಡುವ ರೂಪಾಯಿ ಖಾತೆಗೆ, ದಾರಿ ಮಾಡಿಕೊಟ್ಟಿತು. ನಮ್ಮ ಆಮದುದಾರ ಕಟ್ಟಿದ ರೂಪಾಯಿ ಇಲ್ಲಿನ ಬ್ಯಾಂಕಿನಲ್ಲೇ ವಿದೇಶಿ ಬ್ಯಾಂಕಿನ ಹೆಸರಿಗೆ ಜಮೆಯಾಗುತ್ತದೆ. ಅದೇ ದುಡ್ಡಿನಿಂದ ನಮ್ಮ ರಫ್ತುದಾರನಿಗೆ ಪಾವತಿ. ಆದರೆ ರಷ್ಯಾದಿಂದ ನಾವು ಕೊಳ್ಳುವ ತೈಲ ರಾಶಿ, ಅವರು ನಮ್ಮಿಂದ ಕೊಳ್ಳುವುದು ಅತ್ಯಲ್ಪ. ಆಗ ರೂಪಾಯಿ ಖರ್ಚಾಗದೆ ಖಾತೆಯಲ್ಲೇ ಕೂರುತ್ತದೆ. ರಷ್ಯಾದ ವಿದೇಶಾಂಗ ಸಚಿವ ಲಾವ್ರೋವ್ 2023ರ ಮೇನಲ್ಲಿ ಗೋವಾದಲ್ಲಿ ತೋಡಿಕೊಂಡದ್ದೂ ಇದನ್ನೇ.

ನಿಜಕ್ಕೂ ಇರುವುದು ಬ್ರಿಕ್ಸ್ ದೇಶಗಳು ಕಟ್ಟಿದ, ಅಭಿವೃದ್ಧಿ ಯೋಜನೆಗಳಿಗೆ ಸಾಲ ಕೊಡುವ ಶಾಂಘೈನ ನ್ಯೂ ಡೆವಲಪ್‌ಮೆಂಟ್ ಬ್ಯಾಂಕ್. ಅದರ ಮೊದಲ ಅಧ್ಯಕ್ಷರು ನಮ್ಮ ಮಂಗಳೂರಿನ ಕೆ.ವಿ. ಕಾಮತ್. ಐದು ಸ್ಥಾಪಕ ದೇಶಗಳ ಬಂಡವಾಳ ತಲಾ 1,000 ಕೋಟಿ ಡಾಲರ್. ನೋಟು ಮುದ್ರಿಸುವುದು ಅದರ ಕೆಲಸವಲ್ಲ. ತಮಾಷೆಯೆಂದರೆ, ಅದು ತನ್ನ ಲೆಕ್ಕಪತ್ರ ಬರೆಯುವುದೂ ಡಾಲರ್‌ನಲ್ಲೇ.