ಕೆಮ್ಮಿದರೆ ಹೃದಯಾಘಾತದಿಂದ ಪಾರಾಗಬಹುದೇ?

‘ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಿರಿ, ಜೀವ ಉಳಿಯುತ್ತದೆ’ ಎಂಬ ವಾಟ್ಸಾಪ್ ಸಂದೇಶವನ್ನು ದಯವಿಟ್ಟು ನಂಬಬೇಡಿ. ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳ ಪರೀಕ್ಷಿಸುವ ಕೊಠಡಿ, ಅಂದರೆ ಕ್ಯಾಥ್‌ಲ್ಯಾಬ್‌ನಲ್ಲಿ, ಮಾನಿಟರ್ ನೋಡುತ್ತಿರುವ ವೈದ್ಯರು ಬಡಿತ ತಪ್ಪಿದ ಕ್ಷಣ ಕೆಮ್ಮಲು ಹೇಳುವುದುಂಟು. ಮನೆಯಲ್ಲಿ ಅದನ್ನು ನೆಚ್ಚಿ ಕೂತರೆ ಹೊತ್ತು ಕಳೆದುಹೋಗುತ್ತದೆ. ಎದೆನೋವು ಬಂದರೆ ಮೊದಲು 108ಕ್ಕೆ ಕರೆ ಮಾಡಿ, ಅಕ್ಕಪಕ್ಕದವರನ್ನು ಕೂಗಿ.

ಹೃದಯ ನಿಂತೇಹೋದರೆ ಪ್ರಜ್ಞೆ ತಪ್ಪುತ್ತದೆ; ಕೆಮ್ಮುವ ಮಾತೆಲ್ಲಿ? ಆಗ ಬೇಕಾದ್ದು ಪಕ್ಕದಲ್ಲಿರುವವರ ಸಿಪಿಆರ್, ಅಂದರೆ ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವ ತುರ್ತು ಚಿಕಿತ್ಸೆ. ಅಂಗೈ ಬುಡವನ್ನು ಎದೆಯ ನಡುಮಧ್ಯೆ ಇಟ್ಟು, ಮೇಲೆ ಇನ್ನೊಂದು ಕೈ ಹೆಣೆದು, ಮೊಣಕೈ ಮಡಚದೆ ಒತ್ತಬೇಕು. ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಪಕ್ಕೆಲುಬು ಮುರಿದೀತೆಂದು ಹೆದರಿ, ಆಂಬುಲೆನ್ಸ್ ಬರುವ ಮೊದಲೇ ಕೈ ತೆಗೆಯಬೇಡಿ.