ಬಿಸಿಲಿಗೆ ಕಪ್ಪಾದ ಮೈಗೆ ಯಾಕಿಷ್ಟು ಲೆಕ್ಕಾಚಾರ?

ನಮ್ಮ ಕಾಸರಗೋಡಿನ ಬೇಕಲ ಕಡಲತೀರಕ್ಕೆ ಬರುವ ವಿದೇಶಿಯರಲ್ಲಿ ಕೆಲವರು ಮೈಗೆ ಎಣ್ಣೆ ಹಚ್ಚಿ ಬಿಸಿಲಲ್ಲಿ ಮಲಗುತ್ತಾರೆ. ಇತ್ತ ಬದಿಯಡ್ಕ, ಕುಂಬಳೆಯ ಮನೆಗಳಲ್ಲಿ ಕೇಳುವ ಮಾತೇ ಬೇರೆ: "ಬಿಸಿಲಿಗೆ ಹೋಗಬೇಡ ಮಗಳೇ, ಕಪ್ಪಾಗ್ತಿ."

ಯುರೋಪಿನಲ್ಲೂ ಹಿಂದೆ ಹೀಗೇ ಇತ್ತು. ಹೊಲದಲ್ಲಿ ದುಡಿಯುವವರ ಮೈ ಕಂದು, ದೊಡ್ಡವರ ಮನೆಯವರದು ಬಿಳಿ. ಕೂಲಿಯವರು ಕಾರ್ಖಾನೆಯೊಳಗೆ ಸೇರಿ ಬಿಳುಚಿಕೊಂಡ ಮೇಲೆ ಲೆಕ್ಕ ತಿರುಗಿತು. 1920ರ ದಶಕದ ಹೊತ್ತಿಗೆ ಟ್ಯಾನ್, ಅಂದರೆ ಬಿಸಿಲಿಗೆ ಕಂದಾದ ಮೈಬಣ್ಣ, ರಜೆ ಹಾಕಿ ಕಡಲಿಗೆ ಹೋಗುವಷ್ಟು ದುಡ್ಡಿದ್ದವರ ಗುರುತಾಯಿತು. ನನಗೆ ಕಾಣುವುದು ಇಷ್ಟೇ: ಅಲ್ಲಿಯ ಕಂದಿಗೂ ಇಲ್ಲಿಯ ಬಿಳಿಗೂ ಸಿಗುವ ಮರ್ಯಾದೆ ಒಂದೇ. "ನಾನು ಬಿಸಿಲಲ್ಲಿ ದುಡಿಯಬೇಕಾಗಿಲ್ಲ" ಎಂಬುದರ ಮರ್ಯಾದೆ.

ನಮ್ಮ ಅಡಿಕೆ ಅಂಗಳ ನೋಡಿ. ಅಡಿಕೆ ಒಣಗಲು ಸುಮಾರು 40 ದಿನದ ಬಿಸಿಲು ಬೇಕು. ಹರಡುವ, ಮಗುಚುವ ಹೆಂಗಸರು ತಲೆಗೆ ಬೈರಾಸು ಕಟ್ಟಿ ಮಧ್ಯಾಹ್ನವೂ ಅಲ್ಲೇ ಇರುತ್ತಾರೆ. ಬಳೆ ಸರಿದರೆ ಅಡಿಯಲ್ಲಿ ತಿಳಿಬಣ್ಣದ ಗೆರೆ, ಉಳಿದ ಕೈಯೆಲ್ಲ ಕಪ್ಪು. ನಾವು ಉಣ್ಣುವುದು ಆ ಕೈಗಳ ದುಡಿಮೆಯಿಂದ. ಆದರೆ ಮದುವೆ ಮಾತು ಬಂದಾಗ ಅದೇ ಬಣ್ಣ ಕೊರತೆ ಆಗುತ್ತದೆ. ಇದು ನನಗೆ ಸಹಿಸಲಾಗದ ವಿಷಯ.

ಎರಡೂ ಕಡೆ ಮೈ ಕೆಡಿಸಿಕೊಳ್ಳುವುದೂ ನಡೆದಿದೆ. ಅತಿನೇರಳೆ ಕಿರಣದ ಹೊಡೆತ ತಡೆಯಲು ಚರ್ಮ ಮೆಲನಿನ್ ಎಂಬ ಬಣ್ಣದ ವಸ್ತುವನ್ನು ಜಾಸ್ತಿ ಮಾಡುತ್ತದೆ, ಟ್ಯಾನ್ ಅಂದರೆ ಅದೇ. ಇದೇ ಕಿರಣ ಬಿಟ್ಟು ಮೈ ಕಂದು ಮಾಡುವ ಟ್ಯಾನಿಂಗ್ ಯಂತ್ರಗಳಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಖಚಿತವಾಗಿ ಹೇಳಿತು. ಬ್ರೆಜಿಲ್ ಅದೇ ವರ್ಷ ಅವನ್ನು ನಿಷೇಧಿಸಿತು. ಇಲ್ಲಿ ಬಿಳಿಯಾಗುವ ಹುಚ್ಚು. ನಮ್ಮ ಕೇರಳದ ಮಲಪ್ಪುರಂನಲ್ಲೇ ಪಾದರಸ ಬೆರೆಸಿದ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ತೊಂದರೆ ಆದದ್ದನ್ನು 2023ರಲ್ಲಿ ವೈದ್ಯರು ಪತ್ತೆ ಹಚ್ಚಿದರು. ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರಿನಿಂದ 'ಫೇರ್' ತೆಗೆಯಿತು. ಅಷ್ಟರಿಂದ ಮನಸ್ಸು ಬದಲಾಗುತ್ತದೆಯೇ?

ಸ್ವಲ್ಪ ಬದಲಾಗುತ್ತಿದೆ, ಅದನ್ನೂ ಹೇಳಬೇಕು. 2025ರ ಮಾರ್ಚ್‌ನಲ್ಲಿ ಆಗ ಕೇರಳದ ಮುಖ್ಯ ಕಾರ್ಯದರ್ಶಿಯಾಗಿದ್ದ ಶಾರದಾ ಮುರಳೀಧರನ್ ತಮ್ಮ ಕಪ್ಪು ಬಣ್ಣದ ಬಗ್ಗೆ ಬಂದ ಮಾತನ್ನು ಎಲ್ಲರೆದುರು ಬರೆದುಕೊಂಡರು. ಅಷ್ಟು ದೊಡ್ಡ ಹುದ್ದೆಯವರಿಗೂ ಇದು ತಪ್ಪಲಿಲ್ಲ, ಅಲ್ವಾ? ನಮ್ಮ ಜಗಲಿಯಲ್ಲೂ ಆ ದಿನ ಈ ಮಾತು ಬಂತು, ಅತ್ತಿಗೆ ಬಹಳ ಹೊತ್ತು ಮಾತಾಡಿದರು.

ಈಗ ಅಣ್ಣನ ಮಗಳಿಗೆ ಸಂಬಂಧ ನೋಡುತ್ತಿದ್ದೇವೆ. "ಹುಡುಗಿ ಬೆಳ್ಳಗಿದ್ದಾಳಾ?" ಅಂತ ಫೋನಿನಲ್ಲಿ ಕೇಳಿದವರ ಜೊತೆ ಅಲ್ಲಿಗೇ ಮಾತು ಮುಗಿಸುತ್ತೇವೆ. ಮಂಗಳೂರಿನವರಾಗಲಿ, ಬೆಂಗಳೂರಿನವರಾಗಲಿ, ಜಾತಕ ಎಷ್ಟೇ ಹೊಂದಲಿ.