ಪರ-ವಿರೋಧ: ಊರಿನ ಕೆಲಸ ಮಾಡಿಸಲು ಹದಿಹರೆಯದವರ ಕೈಗೆ ದುಡ್ಡು ಕೊಡಬೇಕಾ?

ಪರ: ಕೊಡಲೇಬೇಕು

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಮಕ್ಕಳು ಕಷ್ಟ ಹೇಳುತ್ತಾರೆ, ಪಿಡಿಒ ಬರೆದುಕೊಳ್ಳುತ್ತಾರೆ, ಎಷ್ಟೋ ಕಡೆ ಅಲ್ಲಿಗೇ ಮುಗಿಯುತ್ತದೆ. ನಮ್ಮೂರ ಸಭೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, ಹುಡುಗಿಯರ ಶೌಚಾಲಯಕ್ಕೆ ಚಿಲಕ ಇಲ್ಲ ಅಂದಳು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗಿನಿಂದ ಬಾಗಿಲು ಎಳೆದು ಹಿಡಿದುಕೊಂಡಿರಬೇಕು. ಮುಟ್ಟಾದ ದಿನ ಕೆಲವರು ಶಾಲೆಗೇ ಬರುವುದಿಲ್ಲ. ಮುಂದಿನ ವರ್ಷವೂ ಅದೇ ಹುಡುಗಿ ಎದ್ದಳು, ಅದೇ ಮಾತು ಹೇಳಿದಳು. ಒಂದು ಚಿಲಕ, ನಾಲ್ಕು ಸ್ಕ್ರೂ! 15ನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ದುಡ್ಡಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬಾಗಿಲು ಹಿಡಿದು ನಿಲ್ಲುವವರ ಕೈಗೆ ಅದು ಬರುತ್ತಿಲ್ಲ, ಅಷ್ಟೆ.

ಇದು ಎಲ್ಲೂ ಆಗದ್ದೇನಲ್ಲ. ಅಮೆರಿಕದ ಬಾಸ್ಟನ್ ನಗರ 2014ರಲ್ಲಿ ಹತ್ತು ಲಕ್ಷ ಡಾಲರ್ ತೆಗೆದಿಟ್ಟು, ಯಾವುದಕ್ಕೆ ಖರ್ಚು ಮಾಡೋಣ ಅಂತ ಎಳೆಯರನ್ನೇ ಕೇಳಿತು. 12 ವರ್ಷದವರೂ ಮತ ಹಾಕಿದರು. ಪಾರ್ಕಿನ ಆಟದ ಜಾಗ, ಫುಟ್‌ಪಾತ್, ಹೈಸ್ಕೂಲುಗಳಿಗೆ ಲ್ಯಾಪ್‌ಟಾಪ್ ಆರಿಸಿಕೊಂಡರು. ಅಷ್ಟು ದೂರ ಯಾಕೆ, ನಮ್ಮ ಕುಂದಾಪುರ ತಾಲ್ಲೂಕಿನಲ್ಲೇ 1990ರ ದಶಕದಲ್ಲಿ ಮಕ್ಕಳ ಪಂಚಾಯಿತಿಗಳು ಶುರುವಾದವು. ಮಕ್ಕಳೇ ಮತ ಹಾಕಿ ಪ್ರತಿನಿಧಿಗಳನ್ನು ಆರಿಸಿದರು, ಊರಿನ ಮಾಹಿತಿ ಕಲೆಹಾಕಿದರು, ಮಳೆಗಾಲದಲ್ಲಿ ತೋಡು ದಾಟಲು ಕಾಲುಸಂಕ ಬೇಕು ಅಂತ ಕೇಳಿದರು.

ಲೆಕ್ಕ ಯಾರು ಕೊಡುತ್ತಾರೆ ಅಂತ ಕೇಳುವವರು ಗಣೇಶನ ಹಬ್ಬಕ್ಕೆ ನಮ್ಮ ಬೀದಿಗೆ ಬರಲಿ. ಚಂದಾ ಎತ್ತುವುದು, ರಸೀದಿ ಹರಿಯುವುದು, ಪೆಂಡಾಲ್, ಮೈಕ್‌ಸೆಟ್, ಟ್ರ್ಯಾಕ್ಟರ್ ಬಾಡಿಗೆ, ಎಲ್ಲಾ ಹದಿನಾರು-ಹದಿನೇಳರ ಹುಡುಗರದ್ದೇ. ವಿಸರ್ಜನೆಯ ಮಾರನೇ ದಿನ ಕಟ್ಟೆ ಮೇಲೆ ಕೂತು ಪೈಸೆ ಪೈಸೆ ಲೆಕ್ಕ ಓದುತ್ತಾರೆ. ದೊಡ್ಡವರು ಹಾಗೆ ಓದಿದ್ದನ್ನು ನಾನು ನೋಡಿಲ್ಲ. ಪ್ರತಿ ಪಂಚಾಯಿತಿ ಒಂದು ಸಣ್ಣ ಮೊತ್ತ ತೆಗೆದಿಡಲಿ, ಏನು ಮಾಡಬೇಕು ಅಂತ ಮಕ್ಕಳೇ ತೀರ್ಮಾನಿಸಲಿ. ಹುಡುಗಿಯರೇ ಮುಂದೆ ನಿಲ್ಲಲಿ.

ವಿರೋಧ: ದುಡ್ಡಿನ ಭಾರ ಬೇಡ

ವಿರೋಧದ ಕಡೆ ಬರೆಯಲು ನನ್ನನ್ನು ಕೇಳಿದ್ದಾರೆ. ಮಕ್ಕಳ ಗ್ರಾಮಸಭೆ ಬೇಡ ಅಂತ ನಾನು ಖಂಡಿತ ಹೇಳಲಾರೆ. ಅವರ ಮಾತು ಕೇಳಲೇಬೇಕು. ಆದರೆ ದುಡ್ಡು ಬೇರೆ ವಿಷಯ.

ಮೊದಲನೆಯದು ಕಾನೂನು. 18 ತುಂಬದವರು ಮಾಡಿಕೊಂಡ ಕರಾರು ನಿಲ್ಲುವುದಿಲ್ಲ. ಗುತ್ತಿಗೆದಾರ ಕೆಲಸ ಕೆಡಿಸಿದರೆ ಹುಡುಗರು ಯಾರನ್ನು ಹಿಡಿಯಬೇಕು? ಓದು ಇನ್ನೊಂದು. ಎಸ್‌ಎಸ್‌ಎಲ್‌ಸಿ ವರ್ಷದಲ್ಲಿ ಕೊಟೇಶನ್ ಹಿಡಿದು ಅಂಗಡಿ ಅಂಗಡಿ ಅಲೆಯಬೇಕಾ? ಇನ್ನು, ಕೈಗೆ ದುಡ್ಡು ಬಂದರೆ ಹುಡುಗರು ಮೊದಲು ಕೊಳ್ಳುವುದು ಕ್ರಿಕೆಟ್ ಕಿಟ್ಟೇ.

ನನ್ನನ್ನು ಕಾಡುವುದು ಇದ್ಯಾವುದೂ ಅಲ್ಲ, ನಮ್ಮ ಅಕ್ಕನ ಮಗನ ವಿಷಯ. ಅವನೂ ಅವನ ಗೆಳೆಯರೂ ಊರಿನ ಬಸ್ ಸ್ಟ್ಯಾಂಡಿನ ಸೋರುವ ಮಾಡು ರಿಪೇರಿ ಮಾಡಿಸಲು ಮನೆಮನೆಗೆ ಹೋಗಿ ದುಡ್ಡು ಎತ್ತಿದರು. ಖಜಾಂಚಿ ಇವನು. ಶೀಟು ತಂದರು, ಹೊದಿಸಿದರು, ಚೆನ್ನಾಗೇ ಆಯಿತು. ಆಮೇಲೆ ಲೆಕ್ಕದಲ್ಲಿ ಎಂಟುನೂರು ರೂಪಾಯಿ ತಾಳೆಯಾಗಲಿಲ್ಲ. ಟೆಂಪೋದವನು ಬಿಲ್ಲು ಕೊಟ್ಟಿರಲಿಲ್ಲ, ಅಷ್ಟೇ. ಆದರೆ ಟೀ ಅಂಗಡಿಯಲ್ಲಿ ಕೂತವರು ಬಾಯಿಗೆ ಬಂದಂತೆ ಆಡಿಕೊಂಡರು. ಅಕ್ಕ ಕೈಯಿಂದ ದುಡ್ಡು ತುಂಬಿದಳು, ಮಾತು ಮಾತ್ರ ನಿಲ್ಲಲಿಲ್ಲ. ಅವನು ಆ ರಸ್ತೆಯಲ್ಲಿ ಸೈಕಲ್ ತುಳಿಯುವುದನ್ನೇ ಬಿಟ್ಟ. ದೊಡ್ಡವರಾದರೆ ಜಗಳ ಆಡಿ ತೀರಿಸಿಕೊಳ್ಳುತ್ತಾರೆ, ಹದಿನೈದರ ಹುಡುಗ ಏನು ಮಾಡಬೇಕು?

ಅದೂ ಅಲ್ಲದೆ, ಮಕ್ಕಳು ದುಡ್ಡು ಎತ್ತಿ ಕೆಲಸ ಮಾಡಿಸಿದರೆ ಪಂಚಾಯಿತಿ ಕೈ ತೊಳೆದುಕೊಳ್ಳುತ್ತದೆ. ಆ ಮಾಡು ರಿಪೇರಿ ಮಾಡಿಸಬೇಕಾಗಿದ್ದು ಯಾರು? ಮಕ್ಕಳು ಬೇಡಿಕೆ ಇಡಲಿ. ಇಷ್ಟು ದಿನದೊಳಗೆ ಕೆಲಸ ಆಗಬೇಕು, ಇಲ್ಲದಿದ್ದರೆ ಯಾಕಾಗಲಿಲ್ಲ ಅಂತ ಮುಂದಿನ ಸಭೆಯಲ್ಲಿ ಅಧ್ಯಕ್ಷರು ಮಕ್ಕಳ ಮುಂದೆಯೇ ಉತ್ತರ ಹೇಳಬೇಕು ಅಂತ ನಿಯಮ ಮಾಡಿ. ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ.